ಬಾಲ ಭಾರವಾಗಿತ್ತು

ಅವತ್ತು ವಿಮಾನದ ಬಾಲ ಭಾರವಾಗಿತ್ತು. ಅದು ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ನಾನು "ಸರಿ ಐತೆ" ಎಂದೆ. ಅದು ಬಿದ್ದು ಪುಡಿಯಾದ ಮೇಲೆ, ಒಬ್ಬ ಹೆಂಗಸು ಅಷ್ಟೂ ಜನರೆದುರು ನಿಜ ಹೇಳಿದಾಗ, ಅವಳ ಮಾತು ಸುಳ್ಳಾಗುವಂತೆ ಇನ್ನೊಂದು ಸುಳ್ಳು ಹೇಳಿದೆ. ಮೊದಲನೆಯದರಿಂದ ಗೆಳೆಯನ ಕೆಲಸ ಹೋಯಿತು, ಎರಡನೆಯದರಿಂದ ಒಬ್ಬ ಅಕ್ಕ ಮತ್ತು ತಮ್ಮನ ನಡುವೆ ಮಾತೇ ನಿಂತಿತು. ಎರಡೂ ಸೇರಿ ಒಂದೇ ಉಸಿರಿನಲ್ಲಿ ಆಡಿ ಮುಗಿಸುವಷ್ಟು ಮಾತು. ಆಡಿದವನು ನಾನು — ಹೊಳಲ್ಕೆರೆಯ ಮಂಜುನಾಥ, ಹಿರಿಯೂರಿನ ಹೊರಗಿನ ಒಂದು ಕಾಲೇಜಿನಲ್ಲಿ ಹುಡುಗರಿಗೆ ಮಾದರಿ ವಿಮಾನ ಕಟ್ಟುವುದನ್ನು ಕಲಿಸುವ ಮೇಷ್ಟ್ರು.

ರಿಮೋಟಿನಲ್ಲಿ ಹಾರಿಸುವ ಆಟದ ವಿಮಾನಕ್ಕೆ ಇಷ್ಟೆಲ್ಲ ರಂಪವೇ ಎಂದು ನಗುವವರು ನಗಬಹುದು. ನಾನೂ ಹಾಗೆ ನಕ್ಕು ಮರೆಯಲು ನೋಡಿದ್ದೇನೆ. ಬಹಳ ವರ್ಷ ನೋಡಿದ್ದೇನೆ.

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಅದೇ ಕಾಲೇಜಿನಲ್ಲಿ ನಾನು ಮತ್ತು ತಿಪ್ಪೇಶ ಇಬ್ಬರೂ ಪ್ರಯೋಗಾಲಯದ ತಾತ್ಕಾಲಿಕ ಸಹಾಯಕರು. ಅವನು ಧರ್ಮಪುರದ ಕಡೆಯ ಕುರಿ ಸಾಕುವ ಮನೆತನದವನು. ತಾಯಿ ಬೇಗ ಹೋದದ್ದರಿಂದ ಅಕ್ಕ ಈರಮ್ಮನೇ ಅವನನ್ನು ಸೊಂಟದ ಮೇಲೆ ಹೊತ್ತು ಕುರಿ ಹಿಂದೆ ತಿರುಗಿ ಸಾಕಿದವಳು. ಅವಳ ಗಂಡ ತೀರಿಹೋದ ಮೇಲೆ ತಿಪ್ಪೇಶ ಅವಳನ್ನು ಹಿರಿಯೂರಿನ ತನ್ನ ಮನೆಗೆ ಕರೆತಂದಿದ್ದ. ಅವನ ಹೆಂಡತಿ, ಪುಟ್ಟ ಮಗಳು ಕಾವ್ಯ, ಈ ಅಕ್ಕ — ಆ ಮನೆಯಲ್ಲಿ ನಾನು ವಾರಕ್ಕೆ ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ನನಗೂ ಅವಳು ಅಕ್ಕನೇ.

ನಾವಿಬ್ಬರೂ ಸೇರಿ ಬಿಡುವಿನ ವೇಳೆಯಲ್ಲಿ ವಿಮಾನ ಕಟ್ಟುತ್ತಿದ್ದೆವು. ಮರದ ಕೆಲಸ, ರೆಕ್ಕೆ, ಮೈಗೆ ಹಾಳೆ ಹೊದಿಸುವುದು ಅವನದು. ಮೋಟಾರು, ವೈರು, ಬೆಸುಗೆ ನನ್ನದು. ಆಗ ಮಾರಿಕಣಿವೆ ಕೆರೆ ಒಣಗಿತ್ತು. ಹೊಸದುರ್ಗದ ಕಡೆ ಹಿನ್ನೀರು ನಿಲ್ಲುವ ಜಾಗವೆಲ್ಲ ಬಿರುಕು ಬಿಟ್ಟ ಬಯಲು. ಭಾನುವಾರ ಬೈಕಿನಲ್ಲಿ ಅಲ್ಲಿಗೆ ಹೋಗಿ ಹಾರಿಸುತ್ತಿದ್ದೆವು. ಈಗ ಅಲ್ಲಿ ಆಳೆತ್ತರ ನೀರಿದೆ.

ಇಂಥ ವಿಮಾನದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತೂಕ ಎಷ್ಟು ಎಂಬುದಲ್ಲ, ತೂಕ ಎಲ್ಲಿ ನಿಲ್ಲುತ್ತದೆ ಎಂಬುದು. ರೆಕ್ಕೆಯ ಅಡಿಯಲ್ಲಿ, ಮುಂದಿನ ಅಂಚಿನಿಂದ ಸ್ವಲ್ಪ ಹಿಂದಕ್ಕೆ, ಎಡಕ್ಕೊಂದು ಬಲಕ್ಕೊಂದು ಪೆನ್ಸಿಲ್ ಗುರುತು ಇರುತ್ತದೆ. ಹಾರಿಸುವ ಮುನ್ನ ಆ ಗುರುತುಗಳಿಗೆ ಒಂದೊಂದು ಬೆರಳು ಕೊಟ್ಟು ವಿಮಾನವನ್ನು ಎತ್ತಬೇಕು. ಮೂಗು ಚೂರೇ ಚೂರು ಬಾಗಿ ನಿಂತರೆ ಸರಿ. ಬಾಲ ಕೆಳಗಿಳಿದರೆ ನೆಲ ಬಿಡಿಸಬಾರದು. ಮೂಗು ಭಾರವಾದ ವಿಮಾನ ಮೊಂಡಾಟ ಮಾಡುತ್ತದೆ ಅಷ್ಟೆ, ಮಾತು ಕೇಳುತ್ತದೆ. ಬಾಲ ಭಾರವಾದದ್ದು ಯಾರ ಮಾತೂ ಕೇಳುವುದಿಲ್ಲ. ಪರಿಹಾರವೇನೂ ದೊಡ್ಡದಲ್ಲ — ಒಳಗಿನ ಬ್ಯಾಟರಿಯನ್ನು ಒಂದೆರಡು ಬೆರಳಿನಷ್ಟು ಮುಂದಕ್ಕೆ ಸರಿಸಿದರೆ ಮುಗಿಯಿತು. ಇದನ್ನೇ ನಾನು ಪ್ರತಿ ವರ್ಷ ಹೊಸ ಹುಡುಗರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ.

ತಿಪ್ಪೇಶ ಕಟ್ಟುವಾಗ ಹತ್ತು ಸಲ ಎತ್ತಿ ನೋಡುತ್ತಿದ್ದ. ಆದರೆ ಹಾರಿಸುವ ಹೊತ್ತಿಗೆ ಮಾತ್ರ ತಾನು ಎತ್ತುತ್ತಿರಲಿಲ್ಲ. ನನ್ನ ಕೈಗೆ ಕೊಡುತ್ತಿದ್ದ. ಅದು ಅವರ ಹಟ್ಟಿಯಿಂದ ಬಂದ ರೂಢಿ. ಅವರಲ್ಲಿ ಕುರಿಯನ್ನು ತಕ್ಕಡಿಗೆ ಹಾಕದೆ ಕೈಯಲ್ಲಿ ಎತ್ತಿಯೇ ತೂಕ ಹೇಳುತ್ತಾರೆ. ಸಾಕಿದವನು ಎತ್ತುವಂತಿಲ್ಲ, ಕೊಳ್ಳುವವನೂ ಎತ್ತುವಂತಿಲ್ಲ. ಇಬ್ಬರಿಗೂ ಒಪ್ಪಿಗೆಯಾದ ಮೂರನೆಯವರು ಎತ್ತಬೇಕು, ಅವರು ಹೇಳಿದ್ದಕ್ಕೆ ಮರುಮಾತು ಆಡಬಾರದು. ಸುತ್ತಲಿನ ಹಟ್ಟಿಗಳಲ್ಲಿ ಹಾಗೆ ಎತ್ತಲು ಕರೆಯುತ್ತಿದ್ದದ್ದು ಈರಮ್ಮಕ್ಕನನ್ನು. ಹಿರಿಯೂರಿಗೆ ಬಂದ ಮೇಲೂ ಜನ ಬಸ್ಸಿನಲ್ಲಿ ಬಂದು ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಹಣದ ಆಸೆಗಲ್ಲ — ಹಣ ಯಾರೂ ಕೊಡುತ್ತಲೂ ಇರಲಿಲ್ಲ — ಈರಮ್ಮ ಎತ್ತಿದಳು ಅಂದರೆ ಮಾತು ಮುಗಿಯಿತು ಎಂಬ ಗೌರವಕ್ಕೆ ಹೋಗುತ್ತಿದ್ದಳು.

"ಕಟ್ಟಿದೋನ ಕೈಗೆ ಮೋಹ ಇರ್ತೈತೆ ಕಣೋ ಮಂಜ. ನೀನು ಎತ್ತು," ಎನ್ನುತ್ತಿದ್ದ ತಿಪ್ಪೇಶ. ನಾನು ಎತ್ತಿ ಸರಿ ಎಂದ ಮೇಲೆ ಅವನು ಇನ್ನೊಮ್ಮೆ ನೋಡುತ್ತಿರಲಿಲ್ಲ. ಒಂದೇ ಒಂದು ಸಲವೂ ನೋಡಿದವನಲ್ಲ.

ಹೀಗಿರುವಾಗ ಕಾಲೇಜಿನವರು ಮಾದರಿ ವಿಮಾನಕ್ಕೆಂದೇ ಒಂದು ಪ್ರಯೋಗಾಲಯ ತೆರೆಯುವ ಯೋಚನೆ ಮಾಡಿದರು. ಅದಕ್ಕೊಂದು ಕಾಯಂ ಹುದ್ದೆ. ವಾರ್ಷಿಕೋತ್ಸವದ ದಿನ ಆಡಳಿತ ಮಂಡಳಿಯ ಎದುರು ಒಂದು ವಿಮಾನ ಹಾರಿಸಿ ತೋರಿಸಬೇಕು, ನೋಡಿ ತೀರ್ಮಾನ ಮಾಡುತ್ತಾರೆ ಎಂದಾಯಿತು. ಪ್ರಾಂಶುಪಾಲರು ನಮ್ಮಿಬ್ಬರನ್ನೂ ಕರೆದು, ನನ್ನ ಕಡೆ ನೋಡದೆಯೇ, "ತಿಪ್ಪೇಶ ಹಾರಿಸ್ಲಿ. ನೀವು ಪಕ್ಕದಲ್ಲಿ ನಿಂತು ಏನಾದ್ರೂ ಬೇಕಾದ್ರೆ ಎತ್ತಿಕೊಡಿ," ಎಂದರು.

ಎತ್ತಿಕೊಡಿ. ಆ ಮಾತು ಮುಳ್ಳಿನಂತೆ ನೆಟ್ಟಿತು. ಒಳಗಿರುವ ಒಂದೊಂದು ವೈರೂ ನಾನು ಬೆಸೆದದ್ದು. ತಿಪ್ಪೇಶ ಹೊರಗೆ ಬಂದ ಮೇಲೆ "ಇಬ್ರುದೂ ಅಂತ ನಾನು ಹೇಳ್ತೀನಿ ಬಿಡೋ" ಎಂದ. ಒಳಗೆ ಯಾಕೆ ಹೇಳಲಿಲ್ಲ? — ಎಂದು ನನ್ನ ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚು ಎಂಬ ಪದ ಇರುವಾಗ ಸುತ್ತಿ ಬಳಸಿ ಹೇಳುವುದು ಯಾಕೆ? ಹೊಟ್ಟೆಕಿಚ್ಚೇ. ನಗುನಗುತ್ತಲೇ ಅವನ ಮನೆಯಲ್ಲಿ ಕೂತು ಬಾಲಕ್ಕೆ ಬಣ್ಣ ಬಳಿಯುವಾಗ ಡಬ್ಬಿ ಹಿಡಿದುಕೊಂಡು, ಒಳಗೊಳಗೇ ಕುದ್ದೆ.

ಆ ದಿನ ಕಾಲೇಜಿನ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ತಿಪ್ಪೇಶ ವಿಮಾನವನ್ನು ಮನೆಯಿಂದ ಆಟೋದಲ್ಲಿ ತಂದ. ಜೊತೆಗೆ ಅಕ್ಕ, ಇಸ್ತ್ರಿ ಮಾಡಿಸಿದ ಸೀರೆ ಉಟ್ಟು, "ನನ್ ತಮ್ಮ ಇಮಾನ ಬಿಡ್ತಾನೆ" ಎಂದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹೇಳುತ್ತಾ. ಶಾಮಿಯಾನದ ಮೂಲೆಯಲ್ಲಿ ಒಂದು ಮೇಜಿನ ಮೇಲೆ ವಿಮಾನಕ್ಕೆ ರೆಕ್ಕೆ ಕೂಡಿಸಿದೆವು. ಅಕ್ಕ ಪಕ್ಕದ ಕುರ್ಚಿಯಲ್ಲಿ ಕಾವಲು ಕೂತಳು. ತಿಪ್ಪೇಶ ರಿಮೋಟು ಕೊರಳಿಗೆ ಹಾಕಿಕೊಂಡು ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದು, "ಎತ್ತಪ್ಪ ಮಂಜ," ಎಂದ.

ಗುರುತುಗಳಿಗೆ ಬೆರಳು ಕೊಟ್ಟು ಎತ್ತಿದೆ. ಬಾಲ ಕೆಳಗಿಳಿಯಿತು. ಸುಮ್ಮನೆ ಅಲ್ಲಾಡಿದ್ದಲ್ಲ — ನಿಧಾನವಾಗಿ, ಅನುಮಾನಕ್ಕೆ ಎಡೆಯೇ ಇಲ್ಲದ ಹಾಗೆ ಇಳಿದು ನಿಂತಿತು. ಬ್ಯಾಟರಿ ಜಾರಿದೆಯೋ, ಬಣ್ಣ ಹೆಚ್ಚಾಯಿತೋ, ಏನೋ ಒಂದು. ತಿಪ್ಪೇಶ ಆಗಲೇ ವೇದಿಕೆಯ ಕಡೆ ನೋಡುತ್ತಿದ್ದ. ನಾನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಮುಚ್ಚಳ ತೆಗೆದು ಬ್ಯಾಟರಿ ಸರಿಸಿದ್ದರೆ — ಎಷ್ಟು ಹೊತ್ತು — ಒಂದು ವೀಳ್ಯ ಮಡಿಸುವಷ್ಟು ಹೊತ್ತು ಸಾಕಿತ್ತು. ಬಾಯಿ ತೆರೆದೆ. ಆಗ ಧ್ವನಿವರ್ಧಕದಲ್ಲಿ ಅವನೊಬ್ಬನ ಹೆಸರು ಕೂಗಿದರು.

"ಸರಿ ಐತೆ," ಎಂದೆ. ಅವನು ವೇದಿಕೆಗೆ ಹೋಗಿ ಕೈಮುಗಿದು ಬರುವಷ್ಟರಲ್ಲಿ ನಾನೂ ವಿಮಾನವನ್ನು ಮೇಜಿನ ಮೇಲಿಟ್ಟು ಮೈದಾನದಲ್ಲಿ ಜಾಗ ಬಿಡಿಸಲು ಹೋದೆ.

ಬೀಳುತ್ತದೆ ಎಂದುಕೊಂಡಿರಲಿಲ್ಲ, ಒಂದಿಷ್ಟು ತೂರಾಡಲಿ, ಅವನ ಮುಖ ಸಣ್ಣದಾಗಲಿ ಎಂದಷ್ಟೇ ಬಯಸಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಾಲ ಭಾರವಾದ ವಿಮಾನ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಆ ಮೈದಾನದಲ್ಲಿ ಬಲ್ಲವನು ಇನ್ನೊಬ್ಬನೇ ಇದ್ದ, ಅವನು ನನ್ನನ್ನು ನಂಬಿದ್ದ.

ಅದು ಓಡಿ ನೆಲ ಬಿಟ್ಟಿತು. ಬಿಟ್ಟದ್ದೇ ಮೂಗು ಮೇಲೆತ್ತಿತು. ಜನ ಚಪ್ಪಾಳೆ ತಟ್ಟಿದರು, ಬೇಕೆಂದೇ ಹಾಗೆ ಹಾರಿಸುತ್ತಿದ್ದಾನೆ ಎಂದು. ತಿಪ್ಪೇಶನ ಹೆಬ್ಬೆರಳು ರಿಮೋಟಿನ ಕೋಲನ್ನು ಮುಂದಕ್ಕೆ ಒತ್ತಿ ಒತ್ತಿ ಬೆಳ್ಳಗಾಗಿದ್ದು ನನಗೆ ಕಾಣುತ್ತಿತ್ತು. ವಿಮಾನ ಇನ್ನೂ ಮೇಲೆ ಮುಖ ಮಾಡಿ, ಗಾಳಿಯಲ್ಲಿ ನಿಂತೇ ಹೋದಂತೆ ನಿಂತು, ಒಂದು ರೆಕ್ಕೆಯ ಮೇಲೆ ವಾಲಿ, ವೇದಿಕೆಯ ಮುಂದಿನ ನೆಲಕ್ಕೆ ಬಂದು ಬಡಿಯಿತು. ಗಾಳಿಯ ಮೇಲೆ ತಪ್ಪು ಹಾಕೋಣವೆಂದರೆ ಆವತ್ತು ಗುಡ್ಡದ ಮೇಲಿನ ಗಾಳಿಯಂತ್ರಗಳೂ ನಿಂತಿದ್ದವು. ಮಂಡಳಿಯ ದೊಡ್ಡವರೊಬ್ಬರು, "ಗಾಳಿಪಟಾನೇ ವಾಸಿ ಇತ್ತು," ಎಂದರು. ಸುತ್ತ ಇದ್ದವರು ನಕ್ಕರು.

ತಿಪ್ಪೇಶ ಓಡಿ ಹೋಗಿ ಚೂರುಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬಾಲ ಸೀಳಿ ಒಳಗಿನಿಂದ ಅರಿಶಿನದ ಬಟ್ಟೆಯ ಒಂದು ಗಂಟು ಹೊರಗೆ ಬಿದ್ದಿತ್ತು. ಬಿಚ್ಚಿದರೆ ನಾಣ್ಯಗಳು — ಮನೆದೇವರಿಗೆ ಹರಕೆ ಹೊತ್ತು ಕಟ್ಟುವ ಮುಡಿಪು. ಅವನು ಅದನ್ನು ಕೈಯಲ್ಲಿ ಹಿಡಿದು ಎದ್ದು ನಿಂತ. ಅಕ್ಕ ಅಷ್ಟು ಹೊತ್ತಿಗೆ ಏದುಸಿರು ಬಿಡುತ್ತಾ ಅಲ್ಲಿಗೆ ಬಂದಿದ್ದಳು.

"ಯಾವಾಗ ಇಟ್ಟೆ ಅಕ್ಕ ಇದ್ನ?"

"ಬೆಳಗ್ಗೆ ದೀಪ ಹಚ್ಚಿದಾಗ್ಲೇ ಇಟ್ಟೆ ಕಣಪ್ಪ. ನೀನು ಸ್ನಾನಕ್ಕೆ ಹೋಗಿದ್ದೆ. ಮುಂದ್ಗಡೆ ಎಲ್ಲಾ ವೈರು ಅವೆ, ಕರೆಂಟು ಗಿರೆಂಟು ಆದೀತು ಅಂತ ಹಿಂದ್ಗಡೆ ತೂರಿಸ್ದೆ. ನಿನಗೆ ಒಳ್ಳೇದಾಗ್ಲಿ ಅಂತ..."

ತಿಪ್ಪೇಶ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲ ಮಾತ್ರ. ಬೆಳಗ್ಗೆಯೇ ಇಟ್ಟಿದ್ದರೆ ಎತ್ತಿ ನೋಡಿದವನಿಗೆ ಗೊತ್ತಾಗಲೇಬೇಕಿತ್ತಲ್ಲ. ಈ ಸರಳ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುವುದು ನನಗೆ ಕಾಣುತ್ತಿತ್ತು.

"ಮಂಜ, ನೀನು ಎತ್ತಿದಾಗ?"

ನಿಜ ಹೇಳಲು ಅದು ಎರಡನೆಯ ಅವಕಾಶ. "ಬಾಲ ಇಳೀತು, ನಾನು ಹೇಳಲಿಲ್ಲ" — ಇಷ್ಟೇ. ಅವನು ನನ್ನ ಕೆನ್ನೆಗೆ ಬಾರಿಸುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು.

"ನಾನು ಎತ್ತಿದಾಗ ಸರಿ ಇತ್ತು," ಎಂದೆ. "ಆಮೇಲೆ ಇಟ್ಟಿರ್ಬೇಕು. ಮೇಜಿನ ಹತ್ರ ಅಕ್ಕ ಒಬ್ರೇ ಕುಂತಿದ್ರಲ್ಲ."

ಅಕ್ಕ ನನ್ನನ್ನು ನೋಡಿದಳು. "ಇಲ್ಲಪ್ಪ, ಬೆಳಗ್ಗೇನೇ..." ಎಂದು ಮತ್ತೆ ಶುರು ಮಾಡಿದಳು.

"ಸುಳ್ಳು ಹೇಳ್ಬ್ಯಾಡ ಅಕ್ಕ!" ಎಂದು ತಿಪ್ಪೇಶ ಕಿರುಚಿದ. "ಮಂಜ ಎತ್ತಿ ನೋಡ್ಯಾನೆ!"

ಆ ಗಂಟನ್ನು ಅವಳ ಕಾಲ ಬಳಿ ಎಸೆದು ಹೋದ. ನಾಣ್ಯಗಳು ಚೆಲ್ಲಾಪಿಲ್ಲಿಯಾದವು. ದೇವರ ದುಡ್ಡು, ತುಳಿಯಬಾರದು ಎಂದು ಅಕ್ಕ ಬಗ್ಗಿ ಒಂದೊಂದನ್ನೇ ಹೆಕ್ಕಿದಳು. ನಾನೂ ಬಗ್ಗಿ ಹೆಕ್ಕಿಕೊಟ್ಟೆ. ಅಂಥ ಹೊತ್ತಿನಲ್ಲೂ ಒಳ್ಳೆಯವನಂತೆ ಕಾಣಬೇಕಿತ್ತಲ್ಲ ನನಗೆ.

ಮುಂದಿನದು ಊಹಿಸುವಂಥದ್ದೇ. ಆ ಹುದ್ದೆ ನನಗೆ ಸಿಕ್ಕಿತು. ತಿಪ್ಪೇಶ ಆ ಕಾಲೇಜಿನಲ್ಲಿ ಮುಖ ತೋರಿಸಲಾರದೆ ಕೆಲಸ ಬಿಟ್ಟು, ಹೊಸದುರ್ಗದ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಮೋಟಾರು ಸುತ್ತುವ ಕೆಲಸಕ್ಕೆ ಸೇರಿದ. ಹೆಂಡತಿ ಮಗಳನ್ನೂ ಅಲ್ಲಿಗೆ ಕರೆದುಕೊಂಡು ಹೋದ. ಅಕ್ಕನನ್ನು ಕರೆಯಲಿಲ್ಲ. ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲವೇನೋ. ಅವಳು ಧರ್ಮಪುರದಲ್ಲಿ ಚಿಕ್ಕಪ್ಪನ ಮಗನ ಮನೆ ಸೇರಿದಳು. ಮುಡಿಪು ಇಟ್ಟದ್ದನ್ನು ತಿಪ್ಪೇಶ ಬೇಗ ಕ್ಷಮಿಸುತ್ತಿದ್ದ. ತನ್ನನ್ನು ಸಾಕಿದವಳು ಎಲ್ಲರೆದುರು ತನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದಳು ಎಂಬುದನ್ನು ಅವನು ನುಂಗಿಕೊಳ್ಳಲಾಗಲಿಲ್ಲ. ಹಬ್ಬಕ್ಕೂ ಹೋಗಲಿಲ್ಲ, ಫೋನೂ ಮಾಡಲಿಲ್ಲ.

ಆ ಸುದ್ದಿ ಅವರ ಹಟ್ಟಿಗೂ ಹೋಗಿತ್ತು. ಒಮ್ಮೆ ಯಾರೋ ಕುರಿ ಎತ್ತಲು ಬಾ ಎಂದು ಕರೆದರಂತೆ. "ನನ್ ಮಾತು ನನ್ ತಮ್ಮಗೇ ಬ್ಯಾಡಾತು, ನಿಮಗ್ಯಾಕ್ರಪ್ಪ," ಎಂದು ಕಳಿಸಿಬಿಟ್ಟಳಂತೆ. ಆಮೇಲೆ ಅವಳು ಯಾರ ಕುರಿಯನ್ನೂ ಎತ್ತಲಿಲ್ಲ. ಇದನ್ನು ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಆ ಕಡೆಯವನೊಬ್ಬ ನನಗೆ ಹೇಳಿದಾಗ ನಾನು ಅಯ್ಯೋ ಪಾಪ ಎಂದೆ. ಎಂದು ಮನೆಗೆ ಬಂದೆ.

ತಿಪ್ಪೇಶ ಮಾತ್ರ ನನ್ನನ್ನು ಬಿಡಲಿಲ್ಲ. ಹೊಸದುರ್ಗಕ್ಕೆ ಹೋದಾಗಲೆಲ್ಲ ಟೀ ಕುಡಿಸುತ್ತಿದ್ದ. "ನಿನಗಾದ್ರೂ ಸಿಕ್ತಲ್ಲ ಬಿಡು," ಎನ್ನುತ್ತಿದ್ದ. ಅದನ್ನು ಅವನು ಮನಸಾರೆ ಹೇಳುತ್ತಿದ್ದ. ನಾನು ಕ್ರಮೇಣ ಹೊಸದುರ್ಗದ ದಾರಿಯನ್ನೇ ಬಿಟ್ಟೆ.

ಹೀಗೇ ಸಾಯುವವರೆಗೂ ಇದ್ದುಬಿಡುತ್ತಿದ್ದೆ. ಇರಲು ನನಗೇನೂ ತೊಂದರೆ ಇರಲಿಲ್ಲ. ಆದರೆ ಈ ವರ್ಷ ತಿಪ್ಪೇಶನ ಮಗಳು ಕಾವ್ಯ ನಮ್ಮ ಕಾಲೇಜಿಗೇ ಸೇರಿದಳು. ವಿಮಾನದ ಹುಚ್ಚು ಅವಳಿಗೆ ಅಪ್ಪನಿಂದಲೇ ಬಂದಿರಬೇಕು. ತಾನೇ ಕಟ್ಟಿದ ಮೊದಲ ವಿಮಾನವನ್ನು ಎದೆಗವಚಿಕೊಂಡು ಪ್ರಯೋಗಾಲಯಕ್ಕೆ ತಂದಳು. ಹುಡುಗರು ಒಬ್ಬರದನ್ನೊಬ್ಬರು ಎತ್ತಿ ನೋಡುತ್ತಿದ್ದರು. ನಾನು ಯಾವತ್ತೂ ಹಾಗೆ ಮಾಡಿಸುವುದೇ, ಆ ದಿನದ ಮೇಲೆ ನಾನಾಗಿ ಬೆರಳು ಕೊಟ್ಟು ಎತ್ತಿದ್ದೇ ಇಲ್ಲ. ಇವಳು ಮಾತ್ರ ಯಾರ ಕೈಗೂ ಕೊಡಲಿಲ್ಲ. ನೇರ ನನ್ನ ಮುಂದೆ ಬಂದು ನಿಂತಳು.

"ಸರ್, ನೀವೇ ಎತ್ತಬೇಕಂತೆ. ಮಂಜುನಾಥ ಸರ್ ಎತ್ತಿ ಸರಿ ಅಂದ್ರೆ ಮಾತ್ರ ಹಾರಿಸು, ಬೇರೆ ಯಾರನ್ನೂ ನಂಬಬೇಡ ಅಂತ ಅಪ್ಪ ಹೇಳಿ ಕಳಿಸ್ಯಾರೆ."

ನನ್ನ ಕೈ ಏಳಲಿಲ್ಲ. ತಲೆನೋವು ಎಂದು ಹೇಳಿ ತರಗತಿ ಬಿಟ್ಟೆ. ಆ ಮಗುವಿನ ಮುಖ ಬಾಡಿದ್ದು ನೋಡಿದೆ, ಆದರೂ ನಿಲ್ಲಲಿಲ್ಲ. ಎರಡು ದಿನ ಮನೆಯಲ್ಲೇ ಇದ್ದು, ಮೂರನೆಯ ದಿನ ಧರ್ಮಪುರದ ಬಸ್ಸು ಹತ್ತಿದೆ. ತಿಪ್ಪೇಶನ ಹತ್ತಿರ ಮೊದಲು ಹೋಗುವ ಧೈರ್ಯ ಬರಲಿಲ್ಲ, ಅದಕ್ಕೇ ಅಕ್ಕನ ಹತ್ತಿರ ಹೋದೆ. ಅಕ್ಕನಾದರೆ ಬಯ್ದು ಸುಮ್ಮನಾಗುತ್ತಾಳೆ ಎಂಬ ಲೆಕ್ಕ. ಪಶ್ಚಾತ್ತಾಪದಲ್ಲೂ ನನಗೆ ಸುಲಭದ ದಾರಿಯೇ ಬೇಕು.

ಅಕ್ಕ ಅಂಗಳದಲ್ಲಿ ಕೂತು ಬಳ್ಳಿಯಿಂದ ಶೇಂಗಾ ಬಿಡಿಸುತ್ತಿದ್ದಳು. ಬಹಳ ಇಳಿದುಹೋಗಿದ್ದಳು. "ಬಾರಪ್ಪ ಮಂಜಪ್ಪ, ಕುಂತ್ಕ," ಎಂದಳು, ನಿನ್ನೆಯಷ್ಟೇ ಬಂದು ಹೋದವನಿಗೆ ಹೇಳುವಂತೆ. ನಾನು ಕೂರದೆ, ನಿಂತೇ ಎಲ್ಲವನ್ನೂ ಹೇಳಿದೆ. ಅವಳ ಕೈ ಬಿಡಿಸುತ್ತಲೇ ಇತ್ತು.

"ಗೊತ್ತಿತ್ತು ಬಿಡಪ್ಪ," ಎಂದಳು.

"ಗೊತ್ತಿತ್ತಾ ಅಕ್ಕ?"

"ನೀನು ಎತ್ತಿದಾಗ ನಾನು ಪಕ್ಕದಾಗೇ ಕುಂತಿದ್ದೆನಲ್ಲ. ಬಾಲ ಇಳಿದಿದ್ದು ನನಗೂ ಕಾಣ್ತು. ಅದು ಹಂಗೇ ಇರ್ಬೇಕೇನೋ ಅಂದ್ಕಂಡೆ. ಆಮೇಲೆ ನೀನು ಸರಿ ಇತ್ತು ಅಂದಾಗ ನಿನ್ ಮುಖ ನೋಡ್ದೆ. ಆಗ ಗೊತ್ತಾತು."

"ಅವನಿಗೆ ಹೇಳಬೌದಿತ್ತಲ್ಲಕ್ಕ..."

"ಹೇಳಿದ್ದೆನಲ್ಲಪ್ಪ, ಬೆಳಗ್ಗೇನೇ ಇಟ್ಟೆ ಅಂತ." ಮೊದಲ ಸಲ ಅವಳ ಕೈ ನಿಂತಿತು. "ಇನ್ನೆಷ್ಟು ಸಲ ಹೇಳ್ಬೇಕಿತ್ತು?"

ನಾನು ಅತ್ತೆ. ಅಳುವ ಹಕ್ಕಿಲ್ಲದಿದ್ದರೂ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. "ನಂಗೆ ಬಂದು ಹೇಳಿದ್ರೆ ಏನು ಬಂತು? ನಂಗೆ ಗೊತ್ತಿರೋದೇ. ಸುಳ್ಳನ್ನ ಅವನ ಮುಂದೆ ಹೇಳ್ದೆ, ನಿಜಾನೂ ಅವನ ಮುಂದೇ ಹೇಳು ಹೋಗು," ಎಂದಳು.

ಮಾರನೆಯ ದಿನ ಹೊಸದುರ್ಗಕ್ಕೆ ಹೋದೆ. ತಿಪ್ಪೇಶ ಅಂಗಡಿಯ ಮುಂದೆ ಸುಟ್ಟುಹೋದ ಮೋಟಾರೊಂದರ ತಾಮ್ರದ ತಂತಿ ಬಿಚ್ಚುತ್ತಿದ್ದ. ನನ್ನನ್ನು ಕಂಡು ಮುಖ ಅರಳಿಸಿ, "ಲೇ, ಬಾರೋ! ಕಾವ್ಯಂದು ಎತ್ತಿ ನೋಡಿದ್ಯಾ?" ಎಂದ. ಆ ಪ್ರಶ್ನೆಗೆ ಉತ್ತರವಾಗಿಯೇ ನಾನು ಹೇಳತೊಡಗಿದೆ. ಎಲ್ಲಿಯೂ ನಿಲ್ಲದೆ ಹೇಳಿದೆ, ನಿಂತರೆ ಮತ್ತೆ ಶುರು ಮಾಡಲಾರೆ ಎಂದು.

ಅವನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರಾಗುತ್ತಿದ್ದೆ, ಅದಕ್ಕಾಗಿ ಕಾದೂ ಇದ್ದೆ. ಅವನು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟ. ನನ್ನ ವಿಷಯ, ಹುದ್ದೆಯ ವಿಷಯ, ಹೋದ ವರ್ಷಗಳ ವಿಷಯ ಒಂದನ್ನೂ ಎತ್ತಲಿಲ್ಲ.

"ಹನ್ನೆರಡು ವರ್ಷ," ಎಂದ. "ಅಕ್ಕಂದು ತಪ್ಪು ಅನ್ಕಂಡು ಹೆಂಗೋ ಇದ್ದೆ ಕಣೋ. ಈಗ ಯಾವ ಮುಖ ಇಟ್ಕಂಡು ಅವಳ ಮುಂದೆ ಹೋಗ್ಲಿ?"

ನಿಜ ಹೇಳಿದರೆ ಅವನ ಎದೆಯ ಭಾರ ಇಳಿಯುತ್ತದೆ ಎಂದು ನಾನು ಎಣಿಸಿದ್ದೆ. ಇಳಿಸಲಿಲ್ಲ, ನನ್ನದರಲ್ಲಿ ಅವನಿಗೂ ಒಂದು ಪಾಲು ಕೊಟ್ಟೆ. ಸಾಕಿದವಳನ್ನು ಊರೆದುರು ಸುಳ್ಳಿ ಎಂದವನು ಅವನೇ, ಹಬ್ಬ ಹಬ್ಬಕ್ಕೂ ಹೋಗದೆ ಉಳಿದವನು ಅವನೇ — ಹಾಗೆ ಮಾಡಿಸಿದವನು ನಾನಾದರೂ.

"ನಾನೂ ಬರ್ತೀನಿ. ಇಬ್ರೂ ಹೋಗಾಣ," ಎಂದೆ.

ಅವನು ತಲೆಯಾಡಿಸಿದ. "ನೀನು ಬರ್ಬ್ಯಾಡ. ನೀನು ಬಂದ್ರೆ ಅಕ್ಕ ನಿನಗೇ ಮೊದ್ಲು ಊಟಕ್ಕೆ ಇಕ್ಕುತಾಳೆ. ಅದ್ನ ನನ್ ಕೈಲಿ ನೋಡಕ್ಕಾಗಲ್ಲ."

ಅವನು ಇನ್ನೂ ಧರ್ಮಪುರಕ್ಕೆ ಹೋಗಿಲ್ಲ ಎಂದು ಕಾವ್ಯ ಹೇಳುತ್ತಾಳೆ. ಈಗ ಅವಳಿಗೂ ಎಲ್ಲ ಗೊತ್ತು. ವಿಮಾನವನ್ನು ನನ್ನ ಹತ್ತಿರ ತರುವುದಿಲ್ಲ. ನಾನು ಆ ಕೆಲಸವನ್ನು ಬಿಟ್ಟಿಲ್ಲ, ಬಿಡುತ್ತೇನೆ ಎಂದು ಇಲ್ಲಿ ಬರೆದು ದೊಡ್ಡವನಾಗುವುದೂ ಇಲ್ಲ. ಒಂದು ಮಾತನ್ನು ಮಾತ್ರ ತಿಪ್ಪೇಶನಿಗೆ ಹೇಳದೆ ಬಂದಿದ್ದೇನೆ, ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಧರ್ಮಪುರದಲ್ಲಿ ಆ ದಿನ, ನಾನು ಹೇಳಿದ್ದೆಲ್ಲ ಕೇಳಿದ ಮೇಲೆ, ಅಕ್ಕ ಎದ್ದು ಒಳಗೆ ಹೋಗಿ ನನಗೆ ಊಟಕ್ಕೆ ಇಕ್ಕಿದಳು. ನಾನು ಕೂತು ಉಂಡು ಬಂದೆ.